ಹುಡುಗಿ ಆಟಕ್ಕೆ ಬರದ ದಿನ



ಸಂಜೆ ನಾಲ್ಕೂವರೆ ಗಂಟೆ. ಶಾಲೆ ಬಿಟ್ಟಿದೆ. ಕವಿತಾಳದಂಥ ಊರಿನ ಶಾಲೆಯ ಬಯಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದಾರೆ. ಹುಡುಗಿಯರು ಕಬಡ್ಡಿ ಆಡಲು ನಿಂತಿದ್ದಾರೆ. ಆಟದ ಮಾಸ್ತರು ಹೆಸರು ಕೂಗುತ್ತಾರೆ. ತಂಡದಲ್ಲಿ 12 ಮಂದಿ. ಅಂಕಣದಲ್ಲಿ ಆಡುವವರು 7, ಹೊರಗೆ ಕಾಯುವವರು 5. ಇವತ್ತು 11 ಜನ ಮಾತ್ರ ಇದ್ದಾರೆ. ಒಬ್ಬಳು ಬಂದಿಲ್ಲ. ನಿನ್ನೆಯೂ ಬಂದಿರಲಿಲ್ಲ. ಮೊನ್ನೆಯೂ ಇಲ್ಲ.

ನಾಲ್ಕನೆಯ ದಿನ ಅವಳು ಬಂದಳು ಅಂತ ಇಟ್ಟುಕೊಳ್ಳಿ. ಆಗ ಮಾಸ್ತರು ಏನು ಮಾಡಬೇಕು?

ಕೆಲವರು ಎಲ್ಲರ ಮುಂದೆ ಬೈಯುತ್ತಾರೆ. "ನಿನಗ ಆಟ ಬೇಕೋ ಬ್ಯಾಡೋ? ಬಯಲಿಗೆ ಹತ್ತು ಸುತ್ತು ಓಡು" ಅನ್ನುತ್ತಾರೆ. ಹುಡುಗಿ ತಲೆ ತಗ್ಗಿಸಿ ಓಡುತ್ತಾಳೆ. ಮರುದಿನ ಬರುವುದಿಲ್ಲ. ಆ ಮೇಲೆ ಎಂದೂ ಬರುವುದಿಲ್ಲ.

ಇನ್ನು ಕೆಲವರು ಪಕ್ಕಕ್ಕೆ ಕರೆದು ಕೇಳುತ್ತಾರೆ. "ಯಾಕವ್ವ, ಮೂರು ದಿನ ಕಾಣಲಿಲ್ಲ? ಮನ್ಯಾಗ ಎಲ್ಲಾರೂ ಆರಾಮ ಅದಾರೇನು?"

ಇದು ಸಣ್ಣ ಮಾತು. ಆದರೆ ನಮ್ಮ ಕಡೆ ಹುಡುಗಿಗೆ "ಆಟ ಸಾಕು, ಮನೆಯಲ್ಲಿ ಕೂಡು" ಅನ್ನುವವರು ಹತ್ತು ಜನ ಇರುತ್ತಾರೆ. ಅಜ್ಜಿ ಅನ್ನುತ್ತಾಳೆ, ಚಿಕ್ಕಪ್ಪ ಅನ್ನುತ್ತಾನೆ, ಎದುರು ಮನೆಯವರೂ ಅನ್ನುತ್ತಾರೆ. "ಬಾ" ಅನ್ನುವವರು ಒಬ್ಬರೋ ಇಬ್ಬರೋ. ಮಾಸ್ತರು ಅವರಲ್ಲಿ ಒಬ್ಬರು. ಅವರೂ "ಬರಬೇಡ" ಅಂದರೆ ಅಲ್ಲಿಗೆ ಆಟ ಮುಗಿಯಿತು.

ಆಟ ಕಲಿಸುವವರನ್ನು ಪೇಪರಿನಲ್ಲಿ ತರಬೇತುದಾರ ಅಂತ ಬರೆಯುತ್ತಾರೆ. ಕೋಚ್ ಅಂತಲೂ ಅನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಆ ಕೆಲಸ ಮಾಡುವವರು ಪಿ.ಟಿ. ಮಾಸ್ತರು, ಇಲ್ಲವೆ ಟೀಚರಮ್ಮ. ಅವರ ಕಷ್ಟವೂ ಕಡಿಮೆಯಲ್ಲ. ತಾಲೂಕು ಪಂದ್ಯ ಹತ್ತಿರ ಬಂದಿರುತ್ತದೆ. ತಾಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ಚೆನ್ನಾಗಿ ಆಡುವ ಹುಡುಗಿಯೇ ಬರದಿದ್ದರೆ ಅವರಿಗೆ ಸಿಟ್ಟು ಬರುವುದು ಸಹಜ. ಸಿಟ್ಟು ಬರಲಿ. ಆದರೆ ಮೊದಲು ಕಾರಣ ಕೇಳಲಿ.

ಕಾರಣಗಳು ನಿಮಗೆ ಗೊತ್ತಿಲ್ಲದ್ದೇನಲ್ಲ. ಹತ್ತಿ ಬಿಡಿಸುವ ಕಾಲ ಬಂದಿರುತ್ತದೆ. ತಮ್ಮನನ್ನು ನೋಡಿಕೊಳ್ಳಬೇಕಾಗಿರುತ್ತದೆ. ನೀರು ತರಬೇಕಿರುತ್ತದೆ. ಪರೀಕ್ಷೆ ಇರುತ್ತದೆ. ಜ್ವರ ಬಂದಿರುತ್ತದೆ. ಕಾಲು ಉಳುಕಿರುತ್ತದೆ. ಮುಟ್ಟಿನ ನೋವಿರುತ್ತದೆ. ಇಲ್ಲವೆ ಮನಸ್ಸೇ ಸರಿ ಇರುವುದಿಲ್ಲ. ಎಲ್ಲಕ್ಕೂ ಒಂದೇ ಬೈಗುಳ ಹೇಗೆ ಮದ್ದಾದೀತು?

ಮೊದಲು ಮೈಯ ಮಾತು ತಿಳಿಯೋಣ.

"ನಾಲ್ಕು ದಿನ ಬಿಟ್ಟರೆ ಕಲಿತದ್ದೆಲ್ಲ ಹೋಯ್ತು" ಅಂತ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಾಲ್ಕೈದು ದಿನ ಆಡದಿದ್ದರೆ ಶಕ್ತಿ ಕುಂದುವುದಿಲ್ಲ. ಸುಮಾರು ಎರಡು ವಾರ ಬಿಟ್ಟ ಮೇಲೆ ಉಸಿರು ಬೇಗ ಕಟ್ಟುತ್ತದೆ. ಮತ್ತೆ ಆಡಲು ತೊಡಗಿದರೆ ಅದೂ ತಿರುಗಿ ಬರುತ್ತದೆ. ಮೈ ಗಟ್ಟಿಯಾಗುವುದು ಆಡುವಾಗ ಮಾತ್ರ ಅಲ್ಲ, ಆಡಿದ ಮೇಲೆ ಉಂಡು ಮಲಗಿದಾಗ. ಎತ್ತನ್ನು ಕೇಳಿ ನೋಡಿ! ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಆಡುವ ಮಕ್ಕಳಿಗೆ ವಾರಕ್ಕೆ ಒಂದೆರಡು ದಿನ ಬಿಡುವು ಬೇಕು. ವರ್ಷದಲ್ಲಿ ಎಲ್ಲ ಸೇರಿ ಎರಡು ಮೂರು ತಿಂಗಳು ಆ ಆಟದಿಂದ ದೂರ ಇರಬೇಕು. ಎಳೆ ಮೂಳೆ, ಎಳೆ ಕೀಲು. ದಿನವೂ ಅದೇ ಕಡೆ ಪೆಟ್ಟು ಬಿದ್ದರೆ ಸವೆಯುತ್ತದೆ.

ಜ್ವರ ಇದ್ದಾಗ ಆಡಲೇಬಾರದು. "ಬೆವರು ಬಂದರೆ ಜ್ವರ ಇಳಿತದ" ಅನ್ನುವವರ ಮಾತು ಕೇಳಬೇಡಿ. ಕೆಲವು ಜ್ವರಗಳು ಹೃದಯಕ್ಕೂ ತಾಗುತ್ತವೆ. ಆಗ ಓಡಿದರೆ ಜೀವಕ್ಕೇ ಅಪಾಯ. ಡೆಂಗ್ಯೂ ಬಂದು ಹೋದ ಹುಡುಗಿಗೆ ವಾರಗಟ್ಟಲೆ ಸುಸ್ತು ಇರುತ್ತದೆ. ಅದು ಸೋಮಾರಿತನ ಅಲ್ಲ. ಡಾಕ್ಟರು ಆಡಬಹುದು ಅಂದ ಮೇಲೆ ಮೊದಲು ಅರ್ಧ ಆಟ ಸಾಕು. ಎರಡು ಮೂರು ದಿನ ನೋಡಿ ನಿಧಾನಕ್ಕೆ ಹೆಚ್ಚಿಸಬೇಕು. ಬೇಸಿಗೆಯಲ್ಲಂತೂ ಇನ್ನೂ ಜೋಪಾನ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಹಳ ದಿನ ಮನೆಯಲ್ಲಿದ್ದ ಮೈಗೆ ಬಿಸಿಲಿನ ರೂಢಿ ತಪ್ಪಿರುತ್ತದೆ. ಬಂದ ದಿನವೇ ಹತ್ತು ಸುತ್ತು ಓಡಿಸಿದರೆ ತಲೆ ತಿರುಗಿ ಬೀಳುತ್ತಾಳೆ. ತಪ್ಪಿಸಿಕೊಂಡ ದಿನಗಳನ್ನು ಒಂದೇ ಸಂಜೆಯಲ್ಲಿ ವಸೂಲು ಮಾಡಲು ಇದು ಬಡ್ಡಿ ಸಾಲ ಅಲ್ಲ.

ಕಾಲು ಉಳುಕಿದರೆ ಅದೇ ದಿನ ಎಣ್ಣೆ ಹಾಕಿ ಜೋರಾಗಿ ತಿಕ್ಕಬೇಡಿ. ತಣ್ಣೀರಿನ ಬಟ್ಟೆ ಇಡಿ, ಕಾಲು ಎತ್ತರಕ್ಕೆ ಇಡಿ. ನೆಲಕ್ಕೆ ಕಾಲು ಊರಲು ಆಗದಿದ್ದರೆ ಆಸ್ಪತ್ರೆಗೆ ತೋರಿಸಿ. ಬಾವು ಇಳಿಯಬೇಕು. ಆ ಕಾಲೊಂದರ ಮೇಲೆ ನಿಲ್ಲಲು ಆಗಬೇಕು. ನೋವಿಲ್ಲದೆ ಕುಪ್ಪಳಿಸಲು ಆಗಬೇಕು. ಅಲ್ಲಿವರೆಗೆ ಕಬಡ್ಡಿ ಬೇಡ.

ಇನ್ನು ಹೇಳಲು ನಾಚುವ ಮಾತು. ಮುಟ್ಟು. ಮುಟ್ಟಾದಾಗ ಹುಡುಗಿ ಆಡಬಹುದು. ಆಡಿದರೆ ಏನೂ ಕೆಡುವುದಿಲ್ಲ. ನೋವಿದ್ದರೆ ಬಿಡಬಹುದು. ಅದು ಅವಳಿಗೆ ಬಿಟ್ಟದ್ದು. ಆದರೆ ಗಂಡು ಮಾಸ್ತರ ಮುಂದೆ ಹುಡುಗಿ ಹೇಗೆ ಹೇಳಬೇಕು? ಅದಕ್ಕೇ "ಇವತ್ತು ಹುಷಾರಿಲ್ಲ ಸರ್" ಅಂದರೆ ಸಾಕು ಅಂತ ಮಾಸ್ತರು ಮೊದಲೇ ಎಲ್ಲರಿಗೂ ಹೇಳಿಡಬೇಕು. "ಏನಾಗ್ಯದ?" ಅಂತ ಹುಡುಗಿಯರ ಮುಂದೆ ಕೆದಕಬಾರದು. ಟೀಚರಮ್ಮ ಇದ್ದರೆ ಅವರ ಹತ್ತಿರ ಹೇಳಲಿ.

ಒಂದು ಮಾತು ನೆನಪಿಡಿ. ಚೆನ್ನಾಗಿ ಆಡುವ ಹುಡುಗಿಗೆ ಎರಡು ಮೂರು ತಿಂಗಳು ಮುಟ್ಟೇ ಆಗದಿದ್ದರೆ "ಕಾಟ ತಪ್ಪಿತು" ಅಂದುಕೊಳ್ಳಬೇಡಿ. ದುಡಿತಕ್ಕೆ ತಕ್ಕ ಊಟ ಇಲ್ಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ. ಬೇರೆ ಕಾರಣವೂ ಇರಬಹುದು. ಡಾಕ್ಟರಿಗೆ ತೋರಿಸಿ.

ರಕ್ತ ಕಡಿಮೆ ಇರುವುದು ಇದಕ್ಕಿಂತ ದೊಡ್ಡ ಕಾಟ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ. ಎರಡು ಸಲ ಓಡಿ ಮೂರನೆಯ ಸಲಕ್ಕೆ ಕುಳಿತುಬಿಡುವ ಹುಡುಗಿಯನ್ನು ಮಾಸ್ತರು ಮೈಗಳ್ಳಿ ಅನ್ನುತ್ತಾರೆ. ಅವಳ ಕಣ್ಣ ರೆಪ್ಪೆ ಕೆಳಗೆಳೆದು ನೋಡಿ, ಒಳಗೆ ಬೆಳ್ಳಗಿರುತ್ತದೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ಕಬ್ಬಿಣದ ಮಾತ್ರೆ. ಅದನ್ನು ಊಟ ಆದ ಮೇಲೆ ನುಂಗಬೇಕು. ಮಗಳು ಅದನ್ನು ಕಿಟಕಿಯಿಂದ ಎಸೆಯುತ್ತಾಳೋ ನುಂಗುತ್ತಾಳೋ, ವಿಚಾರಿಸಿ.

ಮನಸ್ಸಿನ ನೋವಿಗೆ ಮಾತ್ರೆ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ನಮ್ಮ ನಾಡಿನ ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು.

ವೇದಾ ಕೃಷ್ಣಮೂರ್ತಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು. ಭಾರತದ ಕ್ರಿಕೆಟ್ ತಂಡದಲ್ಲಿ ಆಡಿದವರು. 2017ರ ವಿಶ್ವಕಪ್‌ನ ಕೊನೆಯ ಪಂದ್ಯದಲ್ಲೂ ಆಡಿದ್ದರು. 2021ರಲ್ಲಿ ಕೊರೊನಾ ಬಂತು. ಏಪ್ರಿಲ್ ಕೊನೆಗೆ ಅವರ ತಾಯಿ ತೀರಿಕೊಂಡರು. ಎರಡು ವಾರದೊಳಗೆ ಅಕ್ಕನೂ ಹೋದರು. ಆ ಮನೆಯ ದುಃಖ ನೀವೇ ಊಹಿಸಿ. ಅದೇ ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹೋಗುವ ತಂಡದ ಹೆಸರು ಹೊರಬಂತು. ಅದರಲ್ಲಿ ವೇದಾ ಇರಲಿಲ್ಲ.

ಆಗ ಆಸ್ಟ್ರೇಲಿಯಾದ ಹಳೆಯ ಆಟಗಾರ್ತಿ ಲೀಸಾ ಸ್ಥಳೇಕರ್ ಒಂದು ಮಾತು ಎತ್ತಿದರು. ತಂಡಕ್ಕೆ ತೆಗೆದುಕೊಳ್ಳದೆ ಇದ್ದದ್ದು ಸರಿಯೇ ಇರಬಹುದು. ಆದರೆ ಹೇಗಿದ್ದೀಯ ಅಂತ ಒಂದು ಫೋನ್ ಮಾಡಿ ಕೇಳಬೇಕಿತ್ತಲ್ಲ, ಎಂಬುದು ಅವರ ಮಾತಿನ ಸಾರ. ದೇಶವೆಲ್ಲ ಅದನ್ನು ಓದಿತು. ಆ ಮೇಲೆ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿ ವೇದಾ ಅವರಿಗೆ ಫೋನ್ ಮಾಡಿ ಮಾತಾಡಿದರು. ವೇದಾ ಅವರಿಗೆ ಧನ್ಯವಾದ ಹೇಳಿದರು. ಮುಂದೆ ಅವರು ಮತ್ತೆ ಬ್ಯಾಟು ಹಿಡಿದು ಕರ್ನಾಟಕಕ್ಕೆ ಆಡಿದರು. 2025ರ ಜುಲೈನಲ್ಲಿ ಆಟದಿಂದ ನಿವೃತ್ತಿ ಹೇಳಿದರು.

ಲೀಸಾ ಹೇಳಿದ ಮಾತಿನಲ್ಲಿ ಎರಡು ಜಾಗ ಇವೆ ನೋಡಿ. ಪಂದ್ಯದ ಜಾಗ ಒಂದು, ಬಯಲಿನ ಜಾಗ ಇನ್ನೊಂದು. ನಮ್ಮ ಮಾಸ್ತರೂ ಇದನ್ನು ಬೇರೆ ಬೇರೆ ಇಡಬೇಕು. ಒಂದು ತಿಂಗಳು ಬರದ ಹುಡುಗಿಯನ್ನು ನಾಳಿನ ಪಂದ್ಯಕ್ಕೆ ಇಳಿಸು ಅಂತ ನಾವು ಕೇಳಬಾರದು. ದಿನವೂ ಬಂದು ಬೆವರು ಸುರಿಸಿದ ಹುಡುಗಿಗೆ ಅದು ಅನ್ಯಾಯ. ಮೈ ಸಜ್ಜಾಗದ ಇವಳಿಗೂ ಪೆಟ್ಟಾಗುತ್ತದೆ. ಪಂದ್ಯದ ಜಾಗ ಆ ದಿನಕ್ಕೆ ಯಾರು ಸಿದ್ಧರೋ ಅವರದು. ಆದರೆ ಬಯಲಿನ ಜಾಗ ಹೋಗಬಾರದು. ಹೆಸರು ಪಟ್ಟಿಯಲ್ಲಿ ಇರಬೇಕು. ಬಂದ ದಿನ ಬಾಗಿಲು ತೆರೆದಿರಬೇಕು.

ಮನಸ್ಸು ಸರಿಯಿಲ್ಲ ಅಂತ ಆಟ ಬಿಟ್ಟವರು ಮತ್ತೆ ಗೆಲ್ಲುತ್ತಾರೆಯೆ? ಅಮೆರಿಕದ ಸಿಮೋನ್ ಬೈಲ್ಸ್ ಜಗತ್ತಿನಲ್ಲೇ ಹೆಸರಾದ ಜಿಮ್ನಾಸ್ಟಿಕ್ಸ್ ಆಟಗಾರ್ತಿ. ಗಾಳಿಯಲ್ಲಿ ತಿರುಗಿ ನೆಲಕ್ಕೆ ಇಳಿಯುವ ಆಟ ಅದು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡುವೆಯೇ ಅವರಿಗೆ ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಅನ್ನುವುದೇ ತಿಳಿಯದಂತಾಯಿತು. "ಇವತ್ತು ಆಡಲಾರೆ" ಅಂತ ಹಿಂದೆ ಸರಿದರು. ಹಲವರು ಹೀಯಾಳಿಸಿದರು. ಆ ಒಲಿಂಪಿಕ್ಸ್ ಮುಗಿದ ಮೇಲೆ 2023ರವರೆಗೆ ಅವರು ಪಂದ್ಯಗಳಿಗೆ ಇಳಿಯಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು.

ನಮ್ಮ ಹುಡುಗಿಯರಿಗೆ ಇಷ್ಟು ದೊಡ್ಡ ಬಿಡುವು ಎಲ್ಲಿ ಸಿಗುತ್ತದೆ ಅನ್ನುತ್ತೀರಿ. ನಿಜ. ಅವರ ಬಿಡುವು ಹೊಲದಲ್ಲಿ ಕಳೆಯುತ್ತದೆ. ದಿನವೆಲ್ಲ ಬಗ್ಗಿ ಹತ್ತಿ ಬಿಡಿಸಿದ ಹುಡುಗಿ ವಿಶ್ರಾಂತಿ ಪಡೆದಿಲ್ಲ, ದಣಿದಿದ್ದಾಳೆ. ಅವಳಿಗೆ ಶಿಕ್ಷೆ ಕೊಟ್ಟರೆ ಬಡತನಕ್ಕೆ ಶಿಕ್ಷೆ ಕೊಟ್ಟ ಹಾಗೆ. ದೇವದುರ್ಗ, ಮಾನ್ವಿ ಕಡೆಯಿಂದ ಎಷ್ಟೋ ಮನೆಯವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಮಾಸ್ತರು ಗುಳೆ ನಿಲ್ಲಿಸಲಾರರು. ಆದರೆ ಹೋಗುವ ಮೊದಲು ತಾಯಿ ಹತ್ತಿರ ಮಾತಾಡಬಹುದು. "ಪರೀಕ್ಷಿತನಕ ಅಜ್ಜಿ ಹತ್ರ ಬಿಟ್ಟು ಹೋಗ್ರೆಮ್ಮ" ಅನ್ನಬಹುದು. ಸುಗ್ಗಿಯಲ್ಲಿ "ವಾರದಾಗ ಎರಡು ದಿನ ಬರಲಿ, ಸಾಕು" ಅನ್ನಬಹುದು. ನೀವೂ ಸುಳ್ಳು ಹೇಳಬೇಡಿ. ಹೊಲಕ್ಕೆ ಕಳಿಸಿ "ಜ್ವರ ಬಂದಿತ್ತು" ಅನ್ನಬೇಡಿ. ನಿಜ ಹೇಳಿದರೆ ಮಾಸ್ತರು ದಾರಿ ಹುಡುಕಬಹುದು.

ರಜೆಯಂತೆ ಕಂಡರೂ ರಜೆಯಲ್ಲದ ಬಿಡುವು ಒಂದಿದೆ. ಹುಡುಗಿ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸುತ್ತಾಳೆ. ಗೆಳತಿಯರು ಪಿಸುಗುಟ್ಟುತ್ತಾರೆ. ಮನೆಗೆ ಗಂಡಿನ ಕಡೆಯವರು ಬಂದು ಹೋಗಿರುತ್ತಾರೆ. ಆಗಲೇ ಹೇಳಿದ ಸಮೀಕ್ಷೆಯಲ್ಲಿ ಇದರ ಲೆಕ್ಕವೂ ಇದೆ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 18ಕ್ಕೆ ಮೊದಲು ಮದುವೆ ಕಾನೂನಿಗೆ ವಿರುದ್ಧ. ಸಂಜೆ ಹೆಸರು ಕೂಗುವ ಮಾಸ್ತರಿಗೆ ಇದು ಬೇಗ ತಿಳಿಯುತ್ತದೆ. "ಯಾಕ ಬಂದಿಲ್ಲ?" ಅಂತ ಮೂರನೆಯ ದಿನವೇ ಕೇಳಿದರೆ ಮದುವೆ ನಿಲ್ಲಿಸಲು ಹೊತ್ತು ಇರುತ್ತದೆ. ಮಕ್ಕಳ ಸಹಾಯವಾಣಿಯ ನಂಬರು 1098. ದುಡ್ಡು ಬೇಕಿಲ್ಲ, ಯಾರು ಬೇಕಾದರೂ ಫೋನ್ ಮಾಡಬಹುದು.

ಮಾಸ್ತರಿಗೇ ಹೆದರಿ ಹುಡುಗಿ ಆಟ ಬಿಡುವುದೂ ಉಂಟು. ಹೊಡೆತಕ್ಕೆ ಹೆದರಿರಬಹುದು. ಕೆಟ್ಟ ಕೈಗೆ ಹೆದರಿರಬಹುದು. ಹಾಗಿದ್ದರೆ "ಹೋಗು, ಆಡು" ಅಂತ ಮಗಳನ್ನು ನೂಕಬೇಡಿ. ಕೂರಿಸಿಕೊಂಡು ಕೇಳಿ. ಅವಳು ಹೇಳಿದ್ದನ್ನು ನಂಬಿ. ಅದಕ್ಕೂ ಅದೇ 1098.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿ ಕಪ್ ಎತ್ತಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ಕಡೆಯ ಚೈತ್ರಾ ಇದ್ದರು. ಹಳ್ಳಿಯ ಬಯಲಿನಲ್ಲಿ ಕಲಿತ ಆಟ ಅದು. ನಮ್ಮ ಊರ ಬಯಲಿನಲ್ಲೂ ಅಂಥ ಕಾಲು ಯಾವುದಿದೆಯೋ, ನೋಡಿದವರು ಯಾರು?

ಒಂದು ಸಂಜೆ ನೀವೇ ಶಾಲೆಯ ಬಯಲಿಗೆ ಹೋಗಿ. ಸೆರಗು ಸರಿ ಮಾಡಿಕೊಂಡು ದೂರ ನಿಲ್ಲಬೇಡಿ. ಹತ್ತಿರ ಹೋಗಿ ಹೇಳಿ: "ಮಾಸ್ತರ್ರ, ನಮ್ಮ ಹುಡುಗಿಗಿ ಕಾಲು ಉಳುಕಿತ್ತುರಿ. ಎಂಟು ದಿನ ಮನ್ಯಾಗ ಇದ್ಲು. ಇವತ್ತು ಕರ್ಕೊಂಡು ಬಂದೀನಿ."

ಮಾಸ್ತರು ಹುಡುಗಿಯ ಕಾಲು ನೋಡುತ್ತಾರೆ. ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ. ಎರಡು ಸಲ ಕುಪ್ಪಳಿಸು ಅನ್ನುತ್ತಾರೆ. ಆಮೇಲೆ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕುತ್ತಾರೆ.

"ಬಂದ್ಯಾ? ಛಲೋ ಆತು. ಇವತ್ತು ಬರೀ ನಡಿ. ನಾಳೆ ಸ್ವಲ್ಪ ಓಡು. ಕಬಡ್ಡಿ ಮುಂದಿನ ವಾರ."