ಕೆರೆಯ ಹೂಳು ಯಾರ ಹೊಲಕ್ಕೆ?

ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಸುಮಾರು 950 ಅಡಿ ಉದ್ದದ ಒಂದು ಏರಿ. ಅದರ ಹಿಂದೆ ಆರೂವರೆ ಸಾವಿರ ಎಕರೆಯಷ್ಟು ಹರಡಿಕೊಂಡ ನೀರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಮೊದಲ ಸಲ ಕಂಡವರು, ಇಷ್ಟು ಗಿಡ್ಡ ಏರಿ ಅಷ್ಟೊಂದು ನೀರನ್ನು ತಡೆದು ನಿಲ್ಲಿಸಿದ್ದಾದರೂ ಹೇಗೆಂದು ಬೆರಗಾಗುತ್ತಾರೆ. ಜಾಗ ಆರಿಸಿದ್ದರಲ್ಲೇ ಅರ್ಧ ಕೆಲಸ ಮುಗಿದಿತ್ತು. ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳ ಗುಡ್ಡಗಳ ಸಂದಿಯಿಂದ ಹೊರಬೀಳುವ ಕಡೆಯೇ ಕಟ್ಟೆ ಹಾಕಲಾಗಿದೆ. ಸಿದ್ಧ ಮತ್ತು ಬಸವ ಎಂಬ ಹೆಸರಿನ ಎರಡು ತೂಬುಗಳು ನೀರನ್ನು ಕೆಳಗಿನ ಗದ್ದೆಗಳಿಗೆ ಬಿಡುತ್ತವೆ.

ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಇದು ಎಂಬ ಮಾತು ಈ ಭಾಗದಲ್ಲಿ ಪ್ರಚಲಿತ. ಏಷ್ಯಾದ ಕೆರೆಗಳನ್ನೆಲ್ಲ ಅಳೆದವರು ಯಾರೋ ತಿಳಿಯದು! ಮೈಸೂರು ಗೆಜೆಟಿಯರ್ ಬರೆದ ಲೂಯಿ ರೈಸ್ ಮಾತ್ರ ಅಷ್ಟು ದೂರ ಹೋಗದೆ, ದಕ್ಷಿಣ ಭಾರತದಲ್ಲಿ ಕಂಭಂ ಕೆರೆಯ ನಂತರದ ಸ್ಥಾನವನ್ನು ಇದಕ್ಕೆ ಕೊಟ್ಟಿದ್ದಾನೆ. ಕೆರೆ ಕಟ್ಟಿಸಿದವಳು ರಾಜಪುತ್ರಿ ಶಾಂತವ್ವೆ. ಕೆರೆಗೆ ಬೇಕಾದ ನೆಲ ಸೂಳೆಯರದಾಗಿತ್ತು, ತಮ್ಮ ಹೆಸರು ಉಳಿಯಬೇಕೆಂಬ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು ಎನ್ನುತ್ತದೆ ಜನಪದ ಕಥೆ. ಸರ್ಕಾರಿ ಕಡತಗಳಲ್ಲಿ ಈಗ 'ಶಾಂತಿಸಾಗರ' ಎಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರು ಹೋಗಿಲ್ಲ. ಕೊಟ್ಟ ಮಾತು ನಿಂತಿದೆ.

ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದು. ಅದು ಪುಣ್ಯದ ಕೆಲಸ. ಆದರೆ ಕಟ್ಟಿದ ಕೆರೆ ಪುಣ್ಯದ ಬಲದಿಂದಷ್ಟೇ ಉಳಿಯುವುದಿಲ್ಲ. ಮಳೆ ನೀರಿನ ಜತೆ ಮಣ್ಣೂ ಬರುತ್ತದೆ, ವರ್ಷ ವರ್ಷವೂ ಹೂಳು ತುಂಬುತ್ತದೆ. ಇದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡ ಶಾಸನಗಳಲ್ಲಿ ಪದೇ ಪದೇ ಬರುವ 'ಬಿತ್ತುವಟ್ಟ' ಎಂದರೆ ಕೆರೆಯ ನೀರಿನಲ್ಲಿ ಬೆಳೆದ ಫಸಲಿನ ಒಂದು ಪಾಲನ್ನು ಕೆರೆಯ ದುರಸ್ತಿಗೇ ಎತ್ತಿಡುವ ವ್ಯವಸ್ಥೆ. ಕೆರೆ ಕಟ್ಟಿದವರಿಗೆ, ಕೆಟ್ಟದ್ದನ್ನು ಸರಿಪಡಿಸಿದವರಿಗೆ ಭೂಮಿ ಬಿಟ್ಟುಕೊಡುವುದು 'ಕಟ್ಟುಕೊಡಗೆ'. ಹೂಳು ಹೊರುವ ಬಂಡಿಗೂ ದತ್ತಿಯಿತ್ತು. ಯಾವ ಗದ್ದೆಗೆ ಯಾವಾಗ ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದ. ಅವನಿಗೂ ಸುಗ್ಗಿಯಲ್ಲಿ ಕಾಳಿನ ಪಾಲು. ಇವತ್ತು ನಾವು ಸ್ವಯಂಸೇವಾ ಸಂಸ್ಥೆಗಳಿಂದ ನಿರೀಕ್ಷಿಸುವ ಕೆಲಸಕ್ಕೆ ಅಂದು ಊರಿನ ಕಣದಲ್ಲೇ ಬಂಡವಾಳ ಹುಟ್ಟುತ್ತಿತ್ತು.

ಈ ಕಟ್ಟುಪಾಡು ಎಲ್ಲರಿಗೂ ಸಮನಾಗಿತ್ತು ಎಂದು ಭಾವಿಸಬೇಕಿಲ್ಲ. ತೂಬಿನ ಬುಡದ ಗದ್ದೆ ಬಹುತೇಕ ಊರಿನ ಬಲಾಢ್ಯರದು. ಬಡವನ ತುಂಡು ನೆಲ ಕಾಲುವೆಯ ಕೊನೆಯಲ್ಲಿ. ಆದರೂ ಕೆರೆ ತುಂಬಿದ ವರ್ಷ ಕೂಲಿಯವನ ಮನೆಯಲ್ಲೂ ಅನ್ನ ಬೇಯುತ್ತಿತ್ತು. ಮಳೆ ಕೈಕೊಟ್ಟು ಕೆರೆಗಳು ಬತ್ತಿದಾಗ ಏನಾಯಿತು ಎಂಬುದಕ್ಕೆ 1876-78ರ ಬರವೇ ಸಾಕ್ಷಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಗಿಳಿಯಿತು. ಗಂಜಿ ಕೇಂದ್ರಗಳ ಎದುರು ಸಾಲುಗಟ್ಟಿದವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು ಮತ್ತು ಕೂಲಿಗಳೇ.

ಕೆರೆಗಳು ಸರ್ಕಾರದ ಇಲಾಖೆಗಳ ಕೈಗೆ ಹೋದ ಮೇಲೆ ಬಿತ್ತುವಟ್ಟದ ನೆನಪೂ ಅಳಿಯಿತು. ಅದನ್ನು ಹೊಸ ರೂಪದಲ್ಲಿ ಮರಳಿ ತರುವ ಯತ್ನ ಆರಂಭವಾದದ್ದು 2000ದಲ್ಲಿ, ರಾಜ್ಯ ಸರ್ಕಾರ ಜಲ ಸಂವರ್ಧನೆ ಯೋಜನಾ ಸಂಘವನ್ನು ಸ್ಥಾಪಿಸಿದಾಗ. ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಸಣ್ಣ ರೈತರ ನಡುವೆ ಕೆಲಸ ಶುರು ಮಾಡಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಕೂಡ 'ನಮ್ಮೂರು ನಮ್ಮ ಕೆರೆ' ಎಂಬ ಹೆಸರಿನಲ್ಲಿ ಹೂಳೆತ್ತುವ ಕೆಲಸಕ್ಕೆ ಇಳಿಯಿತು. ಇದರ ಲೆಕ್ಕ ಸರಳ: ಯಂತ್ರದ ಖರ್ಚು ಸಂಸ್ಥೆಯದು, ಮಣ್ಣು ಸಾಗಿಸುವುದು ಊರವರದು. ಕೆರೆಯ ಗೋಡು ಮಣ್ಣು ಒಳ್ಳೆಯ ಗೊಬ್ಬರವಾದ್ದರಿಂದ ರೈತರು ತಾವಾಗಿಯೇ ಮುಂದೆ ಬರುತ್ತಾರೆ.

ತೊಡಕಿರುವುದೂ ಇಲ್ಲೇ. ಟ್ರ್ಯಾಕ್ಟರ್ ಇದ್ದವನು ಹತ್ತಾರು ಲೋಡು ಹೊಡೆಸಿಕೊಳ್ಳುತ್ತಾನೆ. ಒಂದೆರಡು ಎಕರೆಯವನು ಬಾಡಿಗೆ ಕೊಡಲಾರದೆ ಏರಿಯ ಮೇಲೆ ನಿಂತು ನೋಡುತ್ತಾನೆ. ಹೂಳು ಬಿಟ್ಟಿ, ಸಾಗಣೆ ಬಿಟ್ಟಿಯಲ್ಲ! ಮಹಾರಾಷ್ಟ್ರ ಇದನ್ನು ಗಮನಿಸಿದೆ. ಅಲ್ಲಿ 2017ರಲ್ಲಿ ಆರಂಭವಾದ, ಜಲಾಶಯದ ಹೂಳನ್ನು ಹೊಲಕ್ಕೆ ಒಯ್ಯುವ ಯೋಜನೆಯನ್ನು 2023ರಲ್ಲಿ ಪರಿಷ್ಕರಿಸಿ, ಸಣ್ಣ ಹಾಗೂ ಅತಿಸಣ್ಣ ರೈತರಿಗೆ ಸಾಗಣೆಯ ಸಹಾಯಧನ ಸೇರಿಸಲಾಯಿತು. ಯಂತ್ರ ಒದಗಿಸುವಲ್ಲಿ ಸ್ವಯಂಸೇವಾ ಸಂಸ್ಥೆಗಳದ್ದೂ ಪಾತ್ರವಿದೆ.

ಸೂಳೆಕೆರೆಯ ಗಾತ್ರಕ್ಕೆ ಒಂದು ಸಂಸ್ಥೆಯ ನಾಲ್ಕಾರು ಯಂತ್ರಗಳು ಎಲ್ಲಿಗೂ ಸಾಲವು. ಹಾಗಾಗಿಯೇ ಏನೋ, ಇಲ್ಲಿನ ಖಡ್ಗ ಸ್ವಯಂಸೇವಕರ ಸಂಘ ಬೇರೆ ದಾರಿ ಹಿಡಿಯಿತು. ಮೊದಲು ಕೆರೆಯ ಸರ್ವೆ ಆಗಲಿ, ಗಡಿ ಗುರುತಿಸಿ ಒತ್ತುವರಿ ತೆರವು ಮಾಡಿ, ಹೂಳಿನ ಮಾತು ಆಮೇಲೆ ಎಂಬುದು ಅದರ ಪಟ್ಟು. ಸುತ್ತಲಿನ ಭೂಮಿಗೆ ಅಡಿಕೆಯ ಬೆಲೆ ಬಂದಿರುವಾಗ ಕೆರೆಯಂಚಿನ ಪ್ರತಿ ಗುಂಟೆಯೂ ಜಗಳದ ವಸ್ತುವೇ. ಇತ್ತ ಅಡಿಕೆ ತೋಟ ವರ್ಷವಿಡೀ ನೀರು ಬೇಡುತ್ತದೆ, ಅತ್ತ ಭತ್ತದ ಗದ್ದೆ ತನ್ನ ಸರದಿಗಾಗಿ ಕಾಯುತ್ತದೆ. ಜತೆಗೆ ಚಿತ್ರದುರ್ಗದವರೆಗೂ ಕುಡಿಯುವ ನೀರು ಹೋಗುವುದು ಇದೇ ಕೆರೆಯಿಂದ.

ಭದ್ರಾ ನಾಲೆಯ ನೀರು ಸೇರುವುದರಿಂದ ಸೂಳೆಕೆರೆ ಪೂರ್ತಿ ಮಳೆಯನ್ನೇ ನಂಬಿಲ್ಲ ಎಂಬುದು ಸಮಾಧಾನ. ಆದರೆ 2023ರ ಬರದಲ್ಲಿ ಭದ್ರಾ ನಾಲೆಗೇ ನೀರು ನಿಲ್ಲಿಸಿದಾಗ ದಾವಣಗೆರೆ ಜಿಲ್ಲೆಯ ರೈತರು ಬೀದಿಗಿಳಿದರು. ಆ ವರ್ಷ ಮೊದಲು ಒಣಗುವ ಭಯವಿದ್ದದ್ದು ಎಂದಿನಂತೆ ಕಾಲುವೆಯ ಕೊನೆಯ ಗದ್ದೆಗಳಿಗೆ.