ಇರುಂಗಾಟ್ಟುಕೋಟೆಯ ವೇಗವರ್ತುಲ

ಬೆಂಗಳೂರಿನಿಂದ ಚೆನ್ನೈಗೆ ಸಾಗುವ ಹೆದ್ದಾರಿಯಲ್ಲಿ, ಕಾಂಚೀಪುರಕ್ಕೆ ಒಡೆಯುವ ದಾರಿಯನ್ನು ಬಿಟ್ಟು, ಶ್ರೀಪೆರುಂಬುದೂರನ್ನೂ ಹಿಂದಿಕ್ಕಿ ಮುಂದುವರಿದರೆ, ನಗರವೆನ್ನಲು ಸಾಲದ, ಹಳ್ಳಿಯೆನ್ನಲು ಮನಸ್ಸೊಪ್ಪದ ಒಂದು ಸಂಧಿಪ್ರದೇಶ ಎದುರಾಗುತ್ತದೆ. ಒಂದು ಪಕ್ಕದಲ್ಲಿ ಕಾರ್ಖಾನೆಗಳ ತಗಡಿನ ಮಾಡುಗಳು, ಇನ್ನೊಂದು ಪಕ್ಕದಲ್ಲಿ ಜಾಲಿ ಬೆಳೆದ ಬಯಲು, ನಡುವೆ ಪಾಳಿ ಬದಲಿಸುವ ಕಾರ್ಮಿಕರನ್ನು ಹೊತ್ತು ಓಡಾಡುವ ಬಸ್ಸುಗಳು. ಇದು ಇರುಂಗಾಟ್ಟುಕೋಟೆ. ಕೊರಿಯ ದೇಶದ ಹ್ಯುಂಡೈ ಕಂಪನಿಯು 1998ರಿಂದ ಕಾರುಗಳನ್ನು ತಯಾರಿಸುತ್ತಿರುವುದು ಈ ಊರಿನಲ್ಲಿಯೇ ಎಂಬುದು ಅನೇಕರಿಗೆ ತಿಳಿದಿರಬಹುದು. ಆದರೆ ಆ ಕಾರ್ಖಾನೆ ತಲೆಯೆತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ, ಕಾರುಗಳನ್ನು ಅವುಗಳ ಶಕ್ತಿಯಿರುವಷ್ಟೂ ಓಡಿಸಿ ನೋಡುವುದಕ್ಕೆಂದೇ ಒಂದು ರಸ್ತೆ ಇಲ್ಲಿ ಸಿದ್ಧವಾಗಿತ್ತೆಂಬುದು ಮೋಟಾರು ರೇಸಿನ ಗೀಳಿರುವವರ ಹೊರತು ಮತ್ತಾರಿಗೂ ಅಷ್ಟಾಗಿ ಗೊತ್ತಿದ್ದಂತಿಲ್ಲ.

ನಮ್ಮ ಕಡೆಯ ಹಿರಿಯರಿಗೆ ಈ ದಿಕ್ಕು ಪರಿಚಿತವಾಗಿದ್ದುದು ಬೇರೆಯೇ ಕಾರಣದಿಂದ. ಶ್ರೀಪೆರುಂಬುದೂರು ರಾಮಾನುಜಾಚಾರ್ಯರ ಜನ್ಮಸ್ಥಳ; ಅಲ್ಲಿಯ ಮೂರ್ತಿಯನ್ನು ‘ತಾನುಗಂದ ತಿರುಮೇನಿ’ಯೆಂದೂ, ನಮ್ಮ ಮೇಲುಕೋಟೆಯಲ್ಲಿರುವುದನ್ನು ‘ತಮರುಗಂದ ತಿರುಮೇನಿ’ಯೆಂದೂ ಭಕ್ತರು ಭೇದವೆಣಿಸಿ ಕರೆಯುತ್ತಾರೆ. ಮೇಲುಕೋಟೆಯ ಸಂಬಂಧವನ್ನು ನೆನೆದು ಈ ದಾರಿ ಹಿಡಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅದೇ ಹೆದ್ದಾರಿಯಲ್ಲಿ ಈಗ ವರ್ಷಕ್ಕೊಂದೆರಡು ಬಾರಿ ಬೆಳಗಿನ ಜಾವಕ್ಕೆ ಮೊದಲೇ ಬೆಂಗಳೂರು ಬಿಟ್ಟು, ಸಾಲುಗಟ್ಟಿ, ಒಂದೇ ತಯಾರಿಕೆಯ ಇಪ್ಪತ್ತು ಮೂವತ್ತು ಕಾರುಗಳು ಬರುವುದುಂಟು. ಇವರದೂ ಒಂದು ಬಗೆಯ ಯಾತ್ರೆಯೇ ಎಂದು ಬರೆದುಬಿಡುವುದು ಸುಲಭ. ಆದರೆ ಯಾತ್ರಿಕರು ಹೊರಡುವ ಮುನ್ನ ಬ್ರೇಕಿನ ಎಣ್ಣೆ ಬದಲಾಯಿಸುವುದಿಲ್ಲವಾದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಈ ವರ್ತುಲದ ಮೂಲವನ್ನು ಅರಸುವವರು ಚೆನ್ನೈನ ಉತ್ತರಕ್ಕಿರುವ ಶೋಲಾವರಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳ ಓಡುದಾರಿಯೊಂದು ಅಲ್ಲಿ ಅನಾಥವಾಗಿ ಬಿದ್ದಿತ್ತು. 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಆ ಬಯಲನ್ನೇ ತಮ್ಮ ಪಂದ್ಯಭೂಮಿಯನ್ನಾಗಿ ಮಾಡಿಕೊಂಡು ದಶಕಗಟ್ಟಲೆ ಅಲ್ಲಿ ಓಟಗಳನ್ನು ನಡೆಸಿದರು. ಮಹಾರಾಜರು ತಮ್ಮ ವಿದೇಶೀ ಕಾರುಗಳನ್ನೂ, ಗ್ಯಾರೇಜಿನ ಹುಡುಗರು ತಮ್ಮ ಕೈಯಾರೆ ಬಿಚ್ಚಿ ಕಟ್ಟಿದ ಫಿಯೆಟ್ಟುಗಳನ್ನೂ ಒಂದೇ ಡಾಂಬರಿನ ಮೇಲೆ ಓಡಿಸಿದ ಕಾಲವದು. ಆದರೆ ವಿಮಾನಕ್ಕೆ ಬೇಕಾದುದು ನೇರವಾದ ದಾರಿ, ರೇಸಿಗೆ ಬೇಕಾದುದು ತಿರುವು. ಮೇಲಾಗಿ ಕಾರುಗಳ ವೇಗ ಏರಿದಂತೆಲ್ಲ, ನೋಡಲು ಬಂದ ಜನಸ್ತೋಮಕ್ಕೂ ಓಡುವ ಚಕ್ರಗಳಿಗೂ ನಡುವೆ ಇರಬೇಕಾದ ಅಂತರವನ್ನು ಆ ಬಯಲು ಒದಗಿಸಲಾರದಾಯಿತು. ಆದುದರಿಂದ ಕ್ಲಬ್ಬು ಇರುಂಗಾಟ್ಟುಕೋಟೆಯಲ್ಲಿ ಸ್ವಂತ ಭೂಮಿಯನ್ನು ಕೊಂಡು, ರೇಸಿಗೆಂದೇ ಯೋಜಿಸಿದ ಭಾರತದ ಮೊದಲ ಶಾಶ್ವತ ವರ್ತುಲವನ್ನು ನಿರ್ಮಿಸಿತು. 1990ರಲ್ಲಿ ಅದು ಓಟಗಳಿಗೆ ತೆರೆದುಕೊಂಡಿತು. ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಎಂದು ಬಹುಕಾಲ ಪ್ರಸಿದ್ಧವಾಗಿದ್ದ ಇದಕ್ಕೆ ಈಚೆಗೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ಗಂಭೀರವಾದ ಹೆಸರು ಬಂದಿದ್ದರೂ, ಬಲ್ಲವರ ಬಾಯಲ್ಲಿ ಅದಿನ್ನೂ ‘ಎಂಎಂಆರ್‌ಟಿ’ಯೇ.

ವರ್ತುಲದ ಪೂರ್ಣ ಉದ್ದ 3.717 ಕಿಲೋಮೀಟರು, ತಿರುವುಗಳು 12. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿಯ ಪುಟ್ಟ ಎಂಜಿನ್ನನ್ನು ಅಳವಡಿಸಿ ರೂಪಿಸಿದ ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಆಸನದ ಗಾಡಿಗಳು ಇಲ್ಲಿ ಓಡಿದುವು. ಆ ಗಾಡಿಯಲ್ಲಿಯೇ ತನ್ನ ಮೊದಲ ಓಟವನ್ನು ಇಲ್ಲಿ ಓಡಿದ ಹುಡುಗ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಪ್ರಥಮ ಭಾರತೀಯನಾದ. ಮದ್ರಾಸ್ ಕ್ಲಬ್ಬಿನ ಸ್ಥಾಪಕರಲ್ಲೊಬ್ಬರಾದ ಇಂದು ಚಂಧೋಕ್ ಅವರ ಮೊಮ್ಮಗ ಕರುಣ್ 2010ರಲ್ಲಿ ಅದೇ ಮೆಟ್ಟಿಲೇರಿದ. ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ್‍ಯಾಲಿ ಓಡಿಸುವುದರಲ್ಲಿ ಹೆಸರಾದ ಕರ್ನಾಟಕವು, ಕಾರುಗಳಿಗೆ ತಕ್ಕ ಅಳತೆಯ ಇಂಥ ವರ್ತುಲವೊಂದನ್ನು ತನ್ನ ನೆಲದಲ್ಲಿ ಮಾಡಿಕೊಳ್ಳದಿರುವುದು ನನಗೆ ಯಾವಾಗಲೂ ಸೋಜಿಗವೆನಿಸಿದೆ. ಆ ಕಾರಣದಿಂದಲೇ ನಮ್ಮವರು ಮುನ್ನೂರು ಕಿಲೋಮೀಟರು ಓಡಿ ಇಲ್ಲಿಗೆ ಬರುವುದು.

ಬರುವವರು ರೇಸಿನವರಲ್ಲ. ವೈದ್ಯರು, ಗುತ್ತಿಗೆದಾರರು, ಸಾಫ್ಟ್‌ವೇರಿನಲ್ಲಿ ದುಡಿದು ನಲವತ್ತು ದಾಟುವಷ್ಟರಲ್ಲಿ ಬಾಲ್ಯದ ಆಸೆಯೊಂದನ್ನು ಕಂತಿನ ಮೇಲೆ ಕೊಂಡವರು, ಗಂಡನ ಕಾರನ್ನು ಗಂಡನಿಗಿಂತ ಚೆನ್ನಾಗಿ ಓಡಿಸಬಲ್ಲ ಗೃಹಿಣಿಯರು: ಕಾರು ಮಾಲೀಕರ ಕ್ಲಬ್ಬೆಂದರೆ ಇಂಥವರ ಕೂಟ. ಗಂಟೆಗೆ ಇನ್ನೂರು ಕಿಲೋಮೀಟರು ಮೀರಿ ಓಡಬಲ್ಲ ಯಂತ್ರವನ್ನು ಹೊರವರ್ತುಲ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ತೆವಳಿಸುತ್ತಿರುವವರಿಗೆ, ಅದರ ನಿಜವಾದ ಸ್ವಭಾವವನ್ನು ಒಮ್ಮೆಯಾದರೂ ಕಾಣಬೇಕೆಂಬ ಹಂಬಲ ಹುಟ್ಟುವುದು ಸಹಜವೇ. ಅದನ್ನು ಹೆದ್ದಾರಿಯಲ್ಲಿ ಕಾಣಹೊರಟವರ ಕಥೆಗಳನ್ನು ಪತ್ರಿಕೆಗಳು ಬೇರೊಂದು ಪುಟದಲ್ಲಿ ಅಚ್ಚುಹಾಕುತ್ತವೆ. ಇಲ್ಲಿ ಎದುರಿನಿಂದ ಬರುವವರಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ರಾಂಗ್ ಸೈಡಿನ ಬೈಕಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಓಡುವರು, ತಪ್ಪಿದವರನ್ನು ಹಿಡಿದು ನಿಲ್ಲಿಸಲು ರಸ್ತೆಯಂಚಿನಲ್ಲಿ ಜಲ್ಲಿ ಹರಡಿದ ಹಾಸುಂಟು. ಇಷ್ಟರಿಂದಲೇ ವೇಗವು ನಿರಪಾಯಕರವಾಯಿತೆಂದು ತಿಳಿಯಕೂಡದು. ಅದನ್ನು ಅಭ್ಯಾಸಕ್ಕೆ ಒಡ್ಡಿಕೊಳ್ಳುವಷ್ಟು ಅವಕಾಶ ಮಾತ್ರ ಸಿಕ್ಕಿತು.

ಇಂಥದೊಂದು ‘ಟ್ರ್ಯಾಕ್ ಡೇ’ ನಡೆಸುವುದರಲ್ಲಿ ಓಡಿಸುವವನ ಕೌಶಲಕ್ಕಿಂತ ಏರ್ಪಡಿಸುವವನ ತಾಳ್ಮೆ ದೊಡ್ಡದು ಎಂಬುದು, ಅಂಥ ಒಂದು ತಂಡದೊಡನೆ ಅತಿಥಿಯಾಗಿ ಹೋಗಿ ಬಂದ ಮೇಲೆ ನನ್ನಲ್ಲಿ ದೃಢವಾದ ಅಭಿಪ್ರಾಯ. ಕಾರುಗಳು ಮೂವತ್ತೆಂದು ಇಟ್ಟುಕೊಳ್ಳೋಣ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಅದು ಸಂತೆಯಾದೀತು. ಆದುದರಿಂದ ಅನುಭವಕ್ಕೆ ತಕ್ಕಂತೆ ಹತ್ತರ ಮೂರು ಗುಂಪು, ಒಂದೊಂದಕ್ಕೂ 15 ನಿಮಿಷದ ಸರದಿ. ಸಾಧಾರಣ ಕಾರು ಸಾಧಾರಣ ಚಾಲಕನ ಕೈಯಲ್ಲಿ ಎರಡೂಕಾಲು, ಎರಡೂವರೆ ನಿಮಿಷಕ್ಕೊಂದು ಸುತ್ತು ಬರುವುದರಿಂದ, ಸರದಿಗೆ ಆರು ಸುತ್ತು ದಕ್ಕಿದರೆ ಹೆಚ್ಚು. ಅದರಲ್ಲೂ ಮೊದಲನೆಯದು ಟೈರು ಕಾಯಿಸುವುದಕ್ಕೆ, ಕೊನೆಯದು ಬ್ರೇಕು ಆರಿಸುವುದಕ್ಕೆ ವಿನಿಯೋಗ. ಮೂರುನೂರು ಕಿಲೋಮೀಟರು ಬಂದದ್ದು ಈ ನಾಲ್ಕು ಸುತ್ತಿಗಾಗಿಯೇ ಎಂದು ಗೊಣಗುವವರು ಬೆಳಗ್ಗೆ ಇರುತ್ತಾರೆ. ಮೊದಲ ಸರದಿ ಮುಗಿಸಿ ಬೆವರಿನಲ್ಲಿ ತೊಯ್ದು ಹೆಲ್ಮೆಟ್ ತೆಗೆಯುವ ಹೊತ್ತಿಗೆ ಅವರ ಪತ್ತೆಯಿರುವುದಿಲ್ಲ.

ಓಟಕ್ಕೆ ಮೊದಲು ತಪಾಸಣೆ. ಮ್ಯಾಟುಗಳನ್ನು ತೆಗೆಸುತ್ತಾರೆ, ಏಕೆಂದರೆ ಜಾರಿದ ಮ್ಯಾಟು ಪೆಡಲಿನಡಿ ಸಿಕ್ಕಿಕೊಳ್ಳಬಲ್ಲುದು. ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕು, ನೀರಿನ ಬಾಟಲಿ, ಮಕ್ಕಳ ಆಟಿಕೆ ಎಲ್ಲವೂ ಹೊರಗೆ ಬಂದು ಪಿಟ್ಟಿನ ಗೋಡೆಗೊರಗುತ್ತವೆ. ಡ್ಯಾಶ್‌ಬೋರ್ಡಿನ ಗಣೇಶನನ್ನೂ ಕೀಳಬೇಕೆ ಎಂಬ ಜಿಜ್ಞಾಸೆ ನಡೆದು, ಅಂಟು ಗಟ್ಟಿಯಿದ್ದರೆ ಇರಲಿ ಎಂಬ ತೀರ್ಮಾನವಾಯಿತು. ಟೈರಿನ ಗಾಳಿಯನ್ನು ತುಸು ಇಳಿಸುತ್ತಾರೆ. ಕಾದ ಡಾಂಬರಿನ ಮೇಲೆ ನಾಲ್ಕು ಸುತ್ತು ಬಂದರೆ ಒಳಗಿನ ಒತ್ತಡ ಐದಾರು ಪೌಂಡು ಏರುವುದು ಸಾಮಾನ್ಯವಾದ್ದರಿಂದ, ಮನೆಯಲ್ಲಿ ತುಂಬಿಸಿದ ಗಾಳಿಯಲ್ಲಿಯೇ ಓಡಿದರೆ ಟೈರು ಉಬ್ಬಿ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕಿನ ಎಣ್ಣೆಯದು ಇನ್ನೂ ಸೂಕ್ಷ್ಮವಾದ ವಿಷಯ. ಅದು ಗಾಳಿಯ ತೇವವನ್ನು ಹೀರುವ ಪದಾರ್ಥ; ಡಾಟ್ 4 ದರ್ಜೆಯ ಹೊಸ ಎಣ್ಣೆ ಕುದಿಯಬೇಕಾದರೆ 230 ಡಿಗ್ರಿಯಾದರೂ ಬೇಕು, ತೇವ ಕುಡಿದ ಹಳೆಯದಕ್ಕೆ 155 ಡಿಗ್ರಿಯಾದರೂ ಸಾಕಾದೀತು. ಕುದಿದ ಎಣ್ಣೆಯಲ್ಲಿ ಗುಳ್ಳೆ, ಗುಳ್ಳೆಯಿಂದ ಪೆಡಲು ಮೆತ್ತಗೆ, ಮೆತ್ತಗಾದ ಪೆಡಲಿನಿಂದ ಜಲ್ಲಿಯ ಹಾಸು.

ಅನಂತರ ನಿಯಮಗಳ ಪಾಠ. ಹಳದಿ ಬಾವುಟ ಕಂಡರೆ ನಿಧಾನ, ಯಾರನ್ನೂ ಹಿಂದಿಕ್ಕಕೂಡದು; ನೀಲಿ ಕಂಡರೆ ಹಿಂದೆ ವೇಗಿಯೊಬ್ಬನಿದ್ದಾನೆ, ದಾರಿ ಬಿಡಬೇಕು; ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ರಸ್ತೆ ಜಾರುತ್ತಿದೆ; ಕೆಂಪು ಕಂಡರೆ ಓಟ ನಿಂತಿತು, ಮೆಲ್ಲನೆ ಪಿಟ್ಟಿಗೆ ಮರಳಬೇಕು; ಕಪ್ಪು ಬಾವುಟ ತೋರಿಸಿದರೆ ನೀವೇನೋ ಮಾಡಬಾರದ್ದನ್ನು ಮಾಡಿದ್ದೀರಿ. ಹಿಂದಿಕ್ಕುವುದು ನೇರದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈ ತೋರಿ ಕರೆದರೆ ಮಾತ್ರ. ಈ ಒಂದು ನಿಯಮವನ್ನು ನಮ್ಮ ನಗರಗಳಲ್ಲಿ ಜಾರಿಗೊಳಿಸಿದರೆ ಏನಾದೀತೆಂದು ಯೋಚಿಸುತ್ತ ಕುಳಿತ ನನಗೆ ಮುಂದಿನ ಅರ್ಧ ಪಾಠ ಕೇಳಿಸಲಿಲ್ಲ.

ಪಾಠದ ಕೊನೆಯಲ್ಲಿ ಸಹಿ ಹಾಕುವ ಕಾಗದವೊಂದು ಬರುತ್ತದೆ. ನಮ್ಮ ದೇಶದ ವಾಹನ ವಿಮೆಯ ಪತ್ರಗಳಲ್ಲಿ ರೇಸು, ವೇಗಪರೀಕ್ಷೆ ಮೊದಲಾದ ಉಪಯೋಗಗಳಿಗೆ ರಕ್ಷಣೆಯಿಲ್ಲವೆಂಬ ಷರತ್ತು ಇದ್ದೇ ಇರುತ್ತದೆ. ಆದುದರಿಂದ ಇಲ್ಲಿ ಜಜ್ಜಿದ ಬಂಪರು ಮಾಲೀಕನ ಸ್ವಂತ ಬಂಪರು. ಇದನ್ನು ಸಣ್ಣ ಅಕ್ಷರದಲ್ಲಿ ಮುಚ್ಚದೆ ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿದ ವ್ಯವಸ್ಥಾಪಕರನ್ನು ನಾನು ಮೆಚ್ಚಿದೆ. ಅದಾದ ಮೇಲೆ ಇಬ್ಬರು ತಮ್ಮ ಹೆಸರನ್ನು ‘ವೇಗದ ಗುಂಪಿ’ನಿಂದ ‘ಕಲಿಯುವ ಗುಂಪಿ’ಗೆ ಬರೆಸಿಕೊಂಡರು.

ಬೆಳಗಿನ ಮೊದಲ ಅಭ್ಯಾಸ ವೇಗದ್ದಲ್ಲ, ನಿಲ್ಲಿಸುವುದರದು. ಗಂಟೆಗೆ 80 ಕಿಲೋಮೀಟರಿನಲ್ಲಿ ಬಂದು, ಕಿತ್ತಳೆ ಬಣ್ಣದ ಎರಡು ಕೋನ್‌ಗಳ ನಡುವೆ ಬ್ರೇಕನ್ನು ಪೂರ್ತಿ ಒತ್ತಿ, ಒತ್ತಿದ ಕಾಲನ್ನು ಎತ್ತದೆ ಎಡಕ್ಕೆ ತಿರುಗಿ, ಎದುರಿನ ಕೋನ್‌ಗಳನ್ನು ತಪ್ಪಿಸಬೇಕು. ನಾನು ಹಿಂದಿನ ಸೀಟಿನಲ್ಲಿದ್ದ ಕಾರನ್ನು ಓಡಿಸುತ್ತಿದ್ದವರು ಜಯನಗರದ ಮಹಿಳೆಯೊಬ್ಬರು. ಪಕ್ಕದಲ್ಲಿ, ಹೊಸೂರಿನ ಕಡೆಯವರಾದ್ದರಿಂದ ಕನ್ನಡ ಬಲ್ಲ ಶಿಕ್ಷಕರು. ಮೊದಲ ಸಲ ಆಕೆ ಮೆಲ್ಲಮೆಲ್ಲನೆ ಒತ್ತಿ ಕೋನ್‌ಗಳ ಮೇಲೆಯೇ ಹೋದರು.

“ಮೇಡಂ, ಬ್ರೇಕಿಗೆ ಮರ್ಯಾದೆ ಕೊಡಬೇಡಿ, ಒದೀರಿ,” ಎಂದರು ಶಿಕ್ಷಕರು.

ಎರಡನೆಯ ಸಲ ಆಕೆ ಒದ್ದೇಬಿಟ್ಟರು. ಪೆಡಲು ಕಾಲಿನಡಿ ಕಟಕಟನೆ ಅದುರಿತು, ಎಲ್ಲಿಯೋ ಕಬ್ಬಿಣ ಅರೆಯುವಂಥ ಸದ್ದು ಎದ್ದಿತು. “ಅಯ್ಯೋ, ಏನೋ ಮುರೀತು ಸಾರ್!” ಎಂದು ಅವರು ಕಾಲೆತ್ತಿದರು. ಮುರಿದದ್ದೇನೂ ಇಲ್ಲ, ಚಕ್ರಗಳು ಕಚ್ಚಿ ನಿಲ್ಲದಂತೆ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಹಿಡಿದು ಬಿಡುವ ಎಬಿಎಸ್ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು. ಆರು ವರ್ಷದಿಂದ ಅದೇ ಕಾರನ್ನು ಓಡಿಸುತ್ತಿದ್ದರೂ ಅದರ ಅದುರುವಿಕೆಯನ್ನು ಅವರ ಪಾದ ಅರಿತದ್ದು ಅಂದೇ ಮೊದಲು. ನಿಜವಾದ ಅಪಾಯದಲ್ಲಿ ಈ ಅದುರಿಗೇ ಬೆಚ್ಚಿ ಕಾಲೆತ್ತುವ ಚಾಲಕರು ಎಷ್ಟೋ ಮಂದಿ ಎಂದು ಶಿಕ್ಷಕರು ಹೇಳಿದರು. ಮೂರನೆಯ ಸಲ ಕಾರು ಮೂಗು ತಗ್ಗಿಸಿ, ಎಡಕ್ಕೆ ಹೊರಳಿ, ಕೋನ್‌ಗಳ ಪಕ್ಕದಲ್ಲಿ ನಿಂತಿತು. ಆಕೆ ಹಿಂದಿರುಗಿ ನನ್ನತ್ತ ನೋಡಿದರು; ನಾನು ಸೀಟಿನ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

ಈ ಪ್ರಯೋಗದ ಹಿಂದಿರುವ ಲೆಕ್ಕ ಕ್ರೂರವಾದದ್ದು. ನಿಲ್ಲಲು ಬೇಕಾದ ದೂರವು ವೇಗದೊಡನೆ ಸಮಸಮವಾಗಿ ಬೆಳೆಯದೆ, ವೇಗದ ವರ್ಗದಂತೆ ಬೆಳೆಯುತ್ತದೆ: ಒಳ್ಳೆಯ ಒಣ ರಸ್ತೆಯಲ್ಲಿ 100ರ ವೇಗದಿಂದ ನಿಲ್ಲಲು ಸುಮಾರು 50 ಮೀಟರು ಸಾಕಾಗುವ ಕಾರಿಗೆ 140ರಿಂದ ನಿಲ್ಲಲು ನೂರರ ಹತ್ತಿರ ಬೇಕು. ತಿರುವಿನಲ್ಲಿಯೂ ಅದೇ ನಿಯಮ. ಟೈರಿಗಿರುವ ಹಿಡಿತವೆಂಬುದು ತಿಂಗಳ ಸಂಬಳದಂತೆ ಒಂದು ಮಿತಿಯುಳ್ಳದ್ದು. ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಸಿಗದು. ಆದುದರಿಂದಲೇ ಬ್ರೇಕನ್ನೆಲ್ಲ ನೇರದಾರಿಯಲ್ಲಿ ಮುಗಿಸಿ, ಹೊರ ಅಂಚಿನಿಂದ ತಿರುವನ್ನು ಪ್ರವೇಶಿಸಿ, ಒಳ ಅಂಚಿನ ‘ಏಪೆಕ್ಸ್’ ಬಿಂದುವನ್ನು ಸವರಿ, ಮತ್ತೆ ಹೊರ ಅಂಚಿಗೆ ಹರಿದು ಹೋಗುವ ರೇಖೆಯನ್ನು ಇಲ್ಲಿ ಕಲಿಸುತ್ತಾರೆ. ಅವಸರದಿಂದ ನುಗ್ಗಿದವನು ಒದ್ದಾಡಿಕೊಂಡು ಹೊರಬರುತ್ತಾನೆ, ತಗ್ಗಿ ಪ್ರವೇಶಿಸಿದವನು ಬೇಗ ಹೊರಬಿದ್ದು ಮುಂದಿನ ನೇರದಾರಿಯ ಲಾಭವನ್ನೆಲ್ಲ ಪಡೆಯುತ್ತಾನೆ. ಅಂದು ಎಲ್ಲರಿಗಿಂತ ನಯವಾಗಿ ಓಡಿಸಿದವರು ಅತ್ಯಂತ ಬಲಿಷ್ಠವಾದ ಕಾರಿನವರಲ್ಲ. ಹಳೆಯದೊಂದು ಸಾಧಾರಣ ಕಾರು ತಂದಿದ್ದ ನಿವೃತ್ತ ಎಂಜಿನಿಯರರು.

ಗಡಿಯಾರದ ವಿಷಯದಲ್ಲಿ ಮಾತ್ರ ಕ್ಲಬ್ಬುಗಳಲ್ಲಿ ಒಮ್ಮತವಿಲ್ಲ. ಸುತ್ತಿನ ಕಾಲವನ್ನು ಅಳೆದು ಪಟ್ಟಿ ಹಚ್ಚಿದರೆ ಉತ್ಸಾಹ ಹೆಚ್ಚುತ್ತದೆಂದು ಕೆಲವರ ವಾದ. ಹೆಚ್ಚುವುದು ನಿಜ, ಆದರೆ ಪಟ್ಟಿ ಹಚ್ಚಿದ ಕ್ಷಣದಿಂದ ಕಲಿಯಲು ಬಂದವರೆಲ್ಲರೂ ಸ್ಪರ್ಧಿಗಳಾಗಿ, ಪಕ್ಕದ ಮನೆಯವನಿಗಿಂತ ಎರಡು ಸೆಕೆಂಡು ಮುಂದಿರಬೇಕೆಂಬ ಹಟವೊಂದೇ ಉಳಿಯುತ್ತದೆ. ಅಂದಿನ ವ್ಯವಸ್ಥಾಪಕರು ಗಡಿಯಾರವನ್ನು ತರಲೇ ಇಲ್ಲ. ಆ್ಯಂಬುಲೆನ್ಸನ್ನೂ, ಬೆಂಕಿ ಆರಿಸುವವರನ್ನೂ, ಪ್ರತಿಯೊಂದು ತಿರುವಿಗೂ ಮಾರ್ಷಲನನ್ನೂ, ನೀರು ಮಜ್ಜಿಗೆಯ ಡ್ರಮ್ಮುಗಳನ್ನೂ ಮರೆಯದೆ ತಂದಿದ್ದರು. ಮಾರ್ಷಲರ ವಿಷಯದಲ್ಲಿ ಒಂದು ಮಾತು ಹೇಳದಿರಲಾರೆ: ಆ ಬಿಸಿಲಿನಲ್ಲಿ ಬಾವುಟ ಹಿಡಿದು ದಿನವಿಡೀ ನಿಂತವರಿಗೆ, ಸಂಜೆ ಹೊರಡುವ ಮುನ್ನ ಹೋಗಿ ಕೈ ಮುಗಿದ ಕಾರು ಮಾಲೀಕರ ಸಂಖ್ಯೆ ಇನ್ನೂ ಹೆಚ್ಚಾಗಿರಬಹುದಿತ್ತು.

ಹೋಗಬಯಸುವ ಕ್ಲಬ್ಬಿನವರು ಜನವರಿ ಫೆಬ್ರವರಿಯನ್ನು ಆರಿಸಿಕೊಳ್ಳುವುದು ಉತ್ತಮ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ಏಪ್ರಿಲ್ ಮೇಗಳಲ್ಲಿ ಎಂಜಿನ್ನಿಗಿಂತ ಮೊದಲು ಮನುಷ್ಯನೇ ಕಾಯುವನು. ರಾಷ್ಟ್ರೀಯ ಸ್ಪರ್ಧೆಗಳ ದಿನಗಳನ್ನು ಬಿಟ್ಟು ಉಳಿದುದರಲ್ಲಿ ದಿನ ಹಿಡಿಯಬೇಕಾದ್ದರಿಂದ ಬಹಳ ಮೊದಲೇ ಬಾಡಿಗೆಯ ಮಾತು ಮುಗಿಸಿರಬೇಕು. ತೆಳು ಅಟ್ಟೆಯ ಶೂ, ತುಂಬು ತೋಳಿನ ಹತ್ತಿ ಅಂಗಿ, ಅಳತೆಗೆ ಸರಿಯಾದ ಹೆಲ್ಮೆಟ್ ಕಡ್ಡಾಯ. ಸುತ್ತು ಮುಗಿಸಿ ಬಂದ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಬೇಕು, ಕಾದ ಪ್ಯಾಡು ಡಿಸ್ಕಿಗೆ ಕಚ್ಚಿಕೊಂಡೀತು. ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸದೆ ಗೇಟು ದಾಟಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ದಿನವಿಡೀ ವೇಗಕ್ಕೆ ಹದಗೊಂಡ ಕಣ್ಣಿಗೆ ಹೆದ್ದಾರಿಯ 100 ಕೂಡ ನಿಂತಂತೆ ಕಾಣುವುದರಿಂದ, ಅದೇ ಸಂಜೆ ಬೆಂಗಳೂರಿಗೆ ಹೊರಡುವವರನ್ನು ತಡೆಯಬೇಕು. ನಮ್ಮ ವ್ಯವಸ್ಥಾಪಕರು ಆ ಕೆಲಸಕ್ಕೆ ಉಪದೇಶವನ್ನು ನಂಬದೆ, ಪ್ರವೇಶ ಶುಲ್ಕದಲ್ಲಿಯೇ ಕಾಂಚೀಪುರದ ಹೋಟೆಲಿನ ಕೋಣೆಯ ಬಾಡಿಗೆಯನ್ನೂ ಸೇರಿಸಿ ವಸೂಲು ಮಾಡಿಬಿಟ್ಟಿದ್ದರು. ಕೊಟ್ಟ ಹಣ ವ್ಯರ್ಥವಾಗಬಾರದೆಂದು ಎಲ್ಲರೂ ಅಲ್ಲಿಯೇ ತಂಗಿದರು.