ಮೊದಲ ಟ್ಯಾಂಕಿನಲ್ಲಿ ಕೂತ ಜನರಲ್

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಮಗ ಐದನೇ ಇಯತ್ತೆಗೆ ಬಂದನೆಂದರೆ ಎಷ್ಟೋ ಮನೆಗಳಲ್ಲಿ ವಿಜಯಪುರದ ಸೈನಿಕ ಶಾಲೆಯ ಮಾತು ಶುರುವಾಗುತ್ತದೆ. 1963ರ ಶಾಲೆ ಅದು. ಅಲ್ಲಿ ಸೀಟು ಸಿಕ್ಕರೆ ಹುಡುಗ ಅರ್ಧ ಆಫೀಸರ್ ಆದಂತೆಯೇ ಎಂದು ಲಿಂಬೆ ತೋಟದ ಅಪ್ಪ ನಂಬುತ್ತಾನೆ. ಆಫೀಸರ್ ಅಂದರೆ ಯಾರು ಎಂದು ಆ ಹುಡುಗ ಕೇಳಿದರೆ ನಾನು ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರ 1948ನೇ ಇಸವಿಯ ಕಥೆ ಹೇಳುತ್ತೇನೆ.

ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೆದಿದ್ದ ಆ ಮೇ ತಿಂಗಳಲ್ಲಿ ಲಡಾಖಿನ ಲೇಹ್ ಕೈತಪ್ಪುವ ಹಾಗಿತ್ತು. 10,000 ಅಡಿಗೂ ಎತ್ತರದಲ್ಲಿ ಸ್ಥಳೀಯರು ದುಡಿದು ಸಮ ಮಾಡಿದ ಒಂದು ಮಣ್ಣಿನ ಪಟ್ಟಿ ಬಿಟ್ಟರೆ ವಿಮಾನ ಇಳಿಯಲು ಬೇರೆ ಜಾಗವಿಲ್ಲ. 24ರಂದು ವಾಯುಪಡೆಯ ಮೆಹರ್ ಸಿಂಗ್ ಅಲ್ಲಿ ಮೊದಲ ಡಕೋಟಾ ವಿಮಾನ ಇಳಿಸಿದಾಗ ಅದರೊಳಗೆ ತಿಮ್ಮಯ್ಯನವರಿದ್ದರು. ಇಡೀ ಡಿವಿಷನ್ನಿನ ಹೊಣೆ ಹೊತ್ತ ಮೇಜರ್ ಜನರಲ್!

ಶ್ರೀನಗರದಿಂದ ಲೇಹ್ ಕಡೆಗಿನ ದಾರಿಯಲ್ಲಿ ಎದುರಾಳಿ ಹಿಡಿದಿದ್ದ ಜೋಜಿ ಲಾ ಇನ್ನೂ ಕಠಿಣ. ಕಾಲಾಳುಗಳ ದಾಳಿ ಅಲ್ಲಿ ಸೋತಿತ್ತು. 11,000 ಅಡಿ ಮೀರಿದ ಆ ಕಣಿವೆಗೆ ಟ್ಯಾಂಕು ಹತ್ತಿಸುವ ಯೋಚನೆ ತಿಮ್ಮಯ್ಯನವರದು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಗೋಪುರ ಕಳಚಿಕೊಂಡು, ಗುಟ್ಟಾಗಿ ಶ್ರೀನಗರ ಸೇರಿದವು. ಬಾಲ್ಟಾಲಿನಿಂದ ಮೇಲಕ್ಕೆ ಕತ್ತೆ, ಕುದುರೆ ನಡೆಯುವ ದಾರಿಯನ್ನು ಟ್ಯಾಂಕು ಹಿಡಿಸುವಷ್ಟು ಅಗಲ ಮಾಡಿದವರು ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯವರು. ಅವರ ಹೆಸರನ್ನು ನಾವು ಸಾಕಷ್ಟು ಹೇಳುವುದಿಲ್ಲ ಎಂಬ ಬೇಸರ ನನಗಿದೆ. ನವೆಂಬರ್ 1ರಂದು ಹಿಮ ಬೀಳುತ್ತಿರುವಾಗಲೇ ಟ್ಯಾಂಕುಗಳು ನುಗ್ಗಿದವು. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ಮತ್ತೆ ತಿಮ್ಮಯ್ಯನವರೇ. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾಣಬಹುದೆಂದು ಎದುರಾಳಿ ಎಣಿಸಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಸೇರಿದವು. ಲೇಹ್‌ಗೆ ನೆಲದ ದಾರಿ ತೆರೆಯಿತು.

ಆಮೇಲೆ ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷತೆ. 1957ರಲ್ಲಿ ಸೇನಾ ಮುಖ್ಯಸ್ಥ ಪದವಿ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆಯಾಗದೆ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂದಕ್ಕೆ ಪಡೆದರು. ಹಿಂದೆಗೆದದ್ದು ಅವರಿಗೆ ನೋವಾಗಿಯೇ ಉಳಿದಿರಬೇಕು ಎಂದು ನನಗನಿಸುತ್ತದೆ. ಸೈನಿಕ ಶಾಲೆಗಳ ಯೋಜನೆ ತಂದವರೂ ಅದೇ ಮೆನನ್.

ತಿಮ್ಮಯ್ಯನವರು 1961ರಲ್ಲಿ ನಿವೃತ್ತಿಯಾದರೂ ಮನೆಯಲ್ಲಿ ಕೂರಲಿಲ್ಲ. 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ದಂಡನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ, ಆ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.